ಷರಾ

ಬೆಸಿಕ್ ರಾಜಧಾನಿಯಿಂದ ಬಂದ, ಮೂರು ಯಂತ್ರ ತಂದ,
ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡು ಹೇಳಿದ:
"ಇನ್ನು ಧೂಳಿನ ಕಾಟವಿಲ್ಲ, ಅಜ್ಜಿ."
ಅಜ್ಜಿ ಅಂದದ್ದಕ್ಕೆ ಎರಡು ದಿನ ಅವನಿಗೆ ಕಾಫಿ ಕೊಡಲಿಲ್ಲ.

ಕುತೈಸಿಯ ಈ ಕಚೇರಿಯಲ್ಲಿ ಮೂವತ್ತೊಂದು ವರ್ಷ
ಹುಟ್ಟು, ಸಾವು, ಮದುವೆ ಬರೆದವಳು ನಾನು, ತ್ಸಿಯಾಲಾ.
ಕಿಟಕಿಯಾಚೆ ರಿಯೋನಿ ಹೊಳೆ, ಅದರ ಬಿಳಿ ಬಂಡೆ;
ಒಳಗೆ ನೆಲದಿಂದ ಸೂರಿನವರೆಗೆ ದಫ್ತರಗಳು,
ಬೆನ್ನು ಬಿರಿದವು, ಇಲಿ ಕಡಿದವು,
ಯಾರದೋ ಊಟದ ಚೀಸು ರೊಟ್ಟಿಯ ಜಿಡ್ಡು ಕುಡಿದವು.

ಒಂದೊಂದೇ ಹಾಳೆ ಗಾಜಿನ ಮೇಲೆ ಮಕಾಡೆ ಮಲಗಿಸಬೇಕು.
ಬೆಳಕು ಒಮ್ಮೆ ಸರಿದುಹೋಗುತ್ತದೆ.
ಅಷ್ಟೇ. ಆಮೇಲೆ ಹಾಳೆಯ ಅಗತ್ಯವಿಲ್ಲ.

ತೊಂಬತ್ತಮೂರರ ಚಳಿಗಾಲದ ದಫ್ತರ ಬಂತು.
ಆಗ ಕರೆಂಟಿರಲಿಲ್ಲ. ಶಾಯಿ ಹೆಪ್ಪುಗಟ್ಟಿದರೆ
ಬಾಟಲಿಯನ್ನು ಕಂಕುಳಲ್ಲಿಟ್ಟು ಕರಗಿಸಿ ಬರೆಯುತ್ತಿದ್ದೆ,
ಬೆರಳು ತುಂಡರಿಸಿದ ಕೈಚೀಲ, ಪಕ್ಕದಲ್ಲಿ ಮೇಣದಬತ್ತಿ.
ವಯಸ್ಸಿನ ಕಾಲಮ್ಮಿನಲ್ಲಿ ಬಿದ್ದ ಒಂದು ಹನಿ ಮೇಣವನ್ನು
ಯಂತ್ರ ಸೊನ್ನೆ ಎಂದು ಓದಿಕೊಂಡಿತು.
ಜ್ವರದಲ್ಲಿ ಹೋದ ಐದರ ಹುಡುಗಿ ಮಕ್ವಾಲಾ
ಪರದೆಯ ಮೇಲೆ ಐವತ್ತು ವರ್ಷ ಬಾಳಿಬಿಟ್ಟಿದ್ದಳು.
ತಿದ್ದುವುದು ನನ್ನ ಕೆಲಸ.
ತಿದ್ದುವ ಮುನ್ನ ಸ್ವಲ್ಪ ಹೊತ್ತು
ಹಾಗೇ ಇರಲಿ ಎಂದು ಬಿಟ್ಟಿದ್ದೆ.

ಆಮೇಲೆ ವರ್ಲಾಮನ ತಕರಾರು.
ಯುದ್ಧಕ್ಕೆ ಹೋದವನು; ನಲವತ್ತಮೂರರಲ್ಲಿ ಓಲೆ ಬಂತು,
ಸತ್ತ ಎಂದು ನಮೂದಾಯಿತು, ಮೊಹರು ಬಿತ್ತು.
ಅದರ ಪಕ್ಕ, ಷರಾ ಬರೆಯುವ ಇಕ್ಕಟ್ಟಿನ ಅಂಚಿನಲ್ಲಿ,
ನೇರಳೆ ಪೆನ್ಸಿಲಿನಲ್ಲಿ ಒಬ್ಬ ಗುಮಾಸ್ತ:
"ಬಂದಿದ್ದಾನೆ. ನಾನೇ ಕಂಡೆ. ಕುಂಟುತ್ತಾನೆ."
ಕೆಳಗೆ ರುಜು, ತಾರೀಖಿಲ್ಲ.
ಎಂಬತ್ತೊಂದರಲ್ಲಿ ವರ್ಲಾಮ್ ಮತ್ತೆ ಸತ್ತ,
ಈ ಸಲ ಸಾವಕಾಶವಾಗಿ, ಹಾಸಿಗೆಯಲ್ಲಿ.

ಒಬ್ಬನೇ ಮನುಷ್ಯ ಎರಡು ಸಲ ಸಾಯುವಂತಿಲ್ಲ
ಎಂದು ಕೆಂಪು ಪಟ್ಟಿ ಬಂತು.
"ಒಂದನ್ನು ಅಳಿಸಿ," ಎಂದ ಬೆಸಿಕ್.
"ಮೊದಲು ಬಂದದ್ದನ್ನೇ ಯಂತ್ರ ನಿಜ ಅನ್ನುತ್ತೆ."
"ಷರಾ ಎಲ್ಲಿ ಬರೀಲಿ?"
"ಅಂಥ ಕಾಲಂ ಇಲ್ಲ. ಇದ್ದಾನೋ ಇಲ್ಲವೋ, ಅಷ್ಟು ಸಾಕು.
ಅಡ್ಡಗೋಡೆಯ ಮೇಲೆ ದೀಪ ಇಡೋಕಾಗಲ್ಲ."

ಅಳಿಸಬಹುದಿತ್ತು.
ಆದರೆ ಅದೇ ವಾರ ಮನೆಯ ಪತ್ರಕ್ಕೆಂದು ಮಗಳು ಬಂದಳು,
ಲಮಾರಾ, ನಲವತ್ತೆಂಟರಲ್ಲಿ ಹುಟ್ಟಿದವಳು.
ಲೆಕ್ಕದ ಪ್ರಕಾರ ಅಪ್ಪ ಸತ್ತು ಐದು ವರ್ಷಕ್ಕೆ!
ಹೇಗೆ ಹೇಳಲಿ ಎಂದು ನಾನು ಬಾಯಿ ಒಣಗಿಸಿಕೊಂಡಿದ್ದರೆ
ಅವಳು ಬೊಚ್ಚುಬಾಯಿ ತೆರೆದು ನಕ್ಕಳು:
"ಅಯ್ಯೋ, ಊರೆಲ್ಲ ಬೆರಳು ಮಡಚಿ ಎಣಿಸಿತ್ತು.
ಅಮ್ಮ ಅಪ್ಪನ ಕುಂಟುಗಾಲು ತೋರಿಸಿ
'ಇದು ದೆವ್ವದ ಕಾಲೇನ್ರೇ?' ಅಂತ ಕೇಳ್ತಿದ್ದಳಂತೆ."

ದಫ್ತರವನ್ನೇ ಅವಳ ಮುಂದೆ ಬಿಚ್ಚಿಟ್ಟೆ.
ಆ ಪೆನ್ಸಿಲು ಈಗಿನವರಿಗೆ ಗೊತ್ತಿಲ್ಲ:
ಒಣಗಿದ್ದಾಗ ಬೂದಿಬಣ್ಣ,
ನಾಲಿಗೆಗೆ ಸೋಕಿಸಿದರೆ ಮಾತ್ರ ನೇರಳೆ ಹತ್ತುತ್ತದೆ.
ಸರ್ಕಾರ ಮೊಹರೊತ್ತಿ ಸಾಯಿಸಿದವನನ್ನು
ಯಾರೋ ಎಂಜಲು ಹಚ್ಚಿ ಬದುಕಿಸಿದ್ದ.
ಆ ಸಂಜೆ ಅವನೂ ನೇರಳೆ ನಾಲಿಗೆ ಹೊತ್ತೇ
ಮನೆಗೆ ಹೋಗಿರಬೇಕು.

ಲಮಾರಾ ಹೆಬ್ಬೆರಳು ತೇವ ಮಾಡಿಕೊಂಡು
ಆ ಮೂರು ಮಾತುಗಳ ಮೇಲೆ ಮೆಲ್ಲಗೆ ಒತ್ತಿದಳು.
ದಾಖಲೆ ಮುಟ್ಟಬಾರದು ಎಂದು ನಿಯಮವಿದೆ.
ನಾನು ಕಿಟಕಿಯತ್ತ ನೋಡಿದೆ.

ಮಂಗಳವಾರ ಲಾರಿ ಬಂದು ಇನ್ನೂರ ಹದಿನಾಲ್ಕು ದಫ್ತರ ಒಯ್ದಿತು.
ಪಟ್ಟಿಯಲ್ಲಿ ಇನ್ನೂರ ಹದಿನೈದಿತ್ತು.
ಬೆಸಿಕ್ ಎರಡು ಸಲ ಎಣಿಸಿದ, ನನ್ನ ಮುಖ ನೋಡಿದ,
"ಕಾಫಿ ಇದೆಯಾ, ತ್ಸಿಯಾಲಾ ಅವರೇ?" ಎಂದ.
ಇತ್ತು. ಸಕ್ಕರೆ ಎರಡು ಚಮಚ ಹಾಕಿ ಕೊಟ್ಟೆ.