ಬಾಕಿ ಪುಸ್ತಕ

ಬುಧವಾರ ಮಧ್ಯಾಹ್ನದ ಮೇಲೆ ನಾವು ಬಾಗಿಲು ತೆರೆಯುವುದಿಲ್ಲ.
ಬೋರ್ಡಿನಲ್ಲಿ ಬರೆದಿದೆ. ಆದರೂ ಆತ ಬಂದ,
ಸುಂಕದ ಕಟ್ಟೆಯ ಹದಿನೇಳು ಮೆಟ್ಟಿಲು ಹತ್ತಿ
ಏದುಸಿರಿನ ನಡುವೆ ಹೆಸರು ಹೇಳಿದ:
ಹೆಸ್ಕೆತ್ ಲರೋಂಡ್, ಆನ್ಸ್ ಕೊಕೊ ಊರು,
ಮೀನು ಹಿಡಿಯುತ್ತಿದ್ದೆ, ಈಗ ಮಂಡಿ ಬಿಡುತ್ತಿಲ್ಲ.

ಪಿಂಚಣಿಯವರಿಗೆ ಹುಟ್ಟಿದ ತಾರೀಕು ಬೇಕಂತೆ.
ಹುಟ್ಟಿದ್ದಕ್ಕೆ ನಾನೇ ಸಾಕ್ಷಿ ಅಂದೆ,
ಕಿಟಕಿಯಾಚೆಯ ಹುಡುಗಿ ನಗಲಿಲ್ಲ.

ಜನನ ರಿಜಿಸ್ಟರಿನ ಕಥೆ ಏನು ಹೇಳಲಿ.
ರೇಡಿಯೋ ಹೆಣ್ಣು ಹೆಸರಿಟ್ಟು ಕರೆದ ಆ ಚಂಡಮಾರುತ
ನಮ್ಮ ಚಾವಣಿಯ ತಗಡನ್ನು
ಸಾರ್ಡೀನ್ ಡಬ್ಬಿಯ ಮುಚ್ಚಳದ ಹಾಗೆ ಸುತ್ತಿಟ್ಟ ರಾತ್ರಿ
ಮೂವತ್ತೊಂದು ರಿಜಿಸ್ಟರು ಉಪ್ಪುನೀರು ಕುಡಿದವು.
ಬೆಳಿಗ್ಗೆ ನಾನೂ ಮಿಸ್ ಇಸ್ಮೇನಾಳೂ
ಚರ್ಚಿನ ಬೆಂಚುಗಳ ಮೇಲೆ ಹಾಳೆ ಬಿಡಿಸಿ ಹರವಿದೆವು,
ಒತ್ತುಕಾಗದ ಮುಗಿದ ಮೇಲೆ ಹಿಟ್ಟಿನ ಚೀಲ,
ಚೀಲ ಮುಗಿದ ಮೇಲೆ ಅವಳ ಒಳಲಂಗ.
ಒಣಗಿದವು ಒಂಬತ್ತು.
ಉಳಿದವು ಮರಗೆಣಸಿನ ಹಳಸು ರೊಟ್ಟಿಯಂತೆ
ಒಂದಕ್ಕೊಂದು ಅಂಟಿ
ಒಳಗಿನ ಹೆಸರುಗಳನ್ನು ಬಿಟ್ಟುಕೊಡುತ್ತಿಲ್ಲ.
ಎಸೆದಿಲ್ಲ. ಮುಚ್ಚಿದ ಪುಸ್ತಕ ಓದುವ ಯಂತ್ರ
ಯಾವುದೋ ದೇಶದಿಂದ ಬರುತ್ತದಂತೆ.
ಹನ್ನೊಂದು ವರ್ಷದಿಂದ ಬರುತ್ತಲೇ ಇದೆ.

ಪೂರ್ತಿ ಉಳಿದದ್ದು ಯಾವುದು ಗೊತ್ತೆ?
ಸಕ್ಕರೆ ತೋಟದ ದೊರೆಗಳ ಲೆಕ್ಕದ ಪುಸ್ತಕ.
ಹತ್ತಿಯ ಕಾಗದ, ಕಪ್ಪು ಮಸಿ, ಕಬ್ಬಿಣದ ಪೆಟ್ಟಿಗೆ.
ಹೇಸರಗತ್ತೆ ನಾಲ್ಕು,
ತಾಮ್ರದ ಕೊಪ್ಪರಿಗೆ ಎರಡು, ಒಂದಕ್ಕೆ ತೂತು,
ಫಿಬಾ, ವಯಸ್ಸು ಹತ್ತೊಂಬತ್ತು, ಗಟ್ಟಿಮುಟ್ಟು.
ಫಿಬಾಳಿಗೆ ವಯಸ್ಸಿದೆ.
ಹೆಸ್ಕೆತನಿಗಿಲ್ಲ.

ಚಿಕ್ಕಂದಿನಲ್ಲಿ ಲೈಬ್ರರಿಯ ಕಡೆ ಬಂದಿದ್ದಿರಾ? ಕೇಳಿದೆ,
ಸುಮ್ಮನೆ ಕಳಿಸಲು ಮನಸ್ಸಾಗದೆ.
ಆತ ನೆಲ ನೋಡಿದ.
ಹಸಿರು ವ್ಯಾನೊಂದು ಬರುತ್ತಿತ್ತು, ತಿಂಗಳಿಗೊಮ್ಮೆ,
ರಸ್ತೆ ಇದ್ದರೆ.

ಹಿಂದಿನ ಕೋಣೆಯಲ್ಲಿ ಬೂಟಿನ ಡಬ್ಬಗಳಿವೆ, ಹಲ್ಲಿಮೊಟ್ಟೆಯ ನಡುವೆ
ಹಳೆಯ ಸದಸ್ಯರ ಚೀಟಿಗಳು.
ಯಾರೂ ಅವನ್ನು ದಾಖಲೆ ಅಂದುಕೊಂಡಿರಲಿಲ್ಲ,
ಹಾಗಾಗಿ ಎತ್ತರದ ಅಟ್ಟದ ಮೇಲೆ ಬಿದ್ದಿದ್ದವು,
ಹಾಗಾಗಿ ಒದ್ದೆಯಾಗಲಿಲ್ಲ.
ಮೂರನೆಯ ಡಬ್ಬದಲ್ಲಿ ಸಿಕ್ಕಿತು:
ಹುಟ್ಟಿದ್ದು ೩೦ ಜೂನ್ ೧೯೫೧.
ಜಾಮೀನು, ತಾಯಿ ಅಲ್ಸೀನಾ. ಪಕ್ಕದಲ್ಲಿ
ಮಸಿಗಿಂತ ಮೀನೆಣ್ಣೆ ಹೆಚ್ಚಿದ್ದ ಹೆಬ್ಬೆಟ್ಟು.
ಆತ ತನ್ನ ಹೆಬ್ಬೆಟ್ಟನ್ನು ಅದರ ಮೇಲಿಟ್ಟು ನೋಡಿದ.
ದೋಣಿಗಳಿಗೆ ಪಾದ್ರಿ ನೀರು ಚಿಮುಕಿಸಿದ ಮಾರನೆಯ ದಿನ, ಅಂದ,
ಅವ್ವ ಹಾಗೇ ಹೇಳುತ್ತಿದ್ದಳು.

ಕೆಳಗೆ ಕೆಂಪು ಮಸಿಯಲ್ಲಿ: ಒಂದು ಪುಸ್ತಕ ಬಾಕಿ.

ದಂಡ ಎಷ್ಟಾಯಿತು?
ದಿನಕ್ಕೊಂದು ಸೆಂಟು, ಅರವತ್ತು ವರ್ಷದ ಮೇಲೆ,
ಮನಸ್ಸಿನಲ್ಲೇ ಗುಣಿಸಿ ಮನಸ್ಸಿನಲ್ಲೇ ಅಳಿಸಿದೆ.
ಅದಕ್ಕೇ ಬರಲಿಲ್ಲ ಇಷ್ಟು ದಿನ, ಅಂದ.
ಪೇಟೆಗೆ ಬಂದರೂ ಈ ಬೀದಿ ತುಳಿಯುತ್ತಿರಲಿಲ್ಲ.

ಚೀಟಿಯ ನಕಲಿಗೆ ಮೊಹರು ಒತ್ತಿ ಕೊಟ್ಟೆ.
ಪಿಂಚಣಿಯವರು ಒಪ್ಪುತ್ತಾರೋ ಇಲ್ಲವೋ
ನನಗೆ ಇವತ್ತಿಗೂ ಗೊತ್ತಿಲ್ಲ.

ಮುಂದಿನ ಬುಧವಾರ, ಮತ್ತೆ ಮಧ್ಯಾಹ್ನದ ಮೇಲೆಯೇ,
ಪ್ಲಾಸ್ಟಿಕ್ಕು, ಅದರೊಳಗೆ ಟಾರು ಬಟ್ಟೆ, ಅದರೊಳಗೆ ಪುಸ್ತಕ:
ಮಕ್ಕಳಿಗಾಗಿ ನಕ್ಷತ್ರಗಳು, ಚಿತ್ರಸಹಿತ.
ಅಂಚಿನ ತುಂಬ ಪೆನ್ಸಿಲು.
ಟ್ಯೂನಾ ಇಳಿದ ದಿನಗಳು, ಎಂಜಿನಿನ ಸಾಲ,
ಮೂರು ಮಕ್ಕಳು ಹುಟ್ಟಿದ ಹೊತ್ತು,
ಧ್ರುವದ ಪಕ್ಕ ಒಂದು ಶಿಲುಬೆ: ತಮ್ಮ ರೂಪರ್ಟ್, ಹಿಂತಿರುಗಲಿಲ್ಲ.

ಇದು ಲೈಬ್ರರಿಯದೋ ದಾಖಲೆ ಕೋಣೆಯದೋ
ಮಿಸ್ ಇಸ್ಮೇನಾ ಇದ್ದಿದ್ದರೆ ಹೇಳುತ್ತಿದ್ದಳು.
ಮೊಹರು ಕೈಯಲ್ಲಿ ಹಿಡಿದು ನಿಂತೆ.

ಆತ ಕೆಮ್ಮಿದ. ತಪ್ಪು ತಿಳಿಯಬೇಡಿ,
ಇನ್ನೊಂದು ಸಲ ಕೊಡಲು ಆಗುತ್ತದೆಯೇ?
ಮೊಮ್ಮಗಳು ಬರುವ ವಾರ ಹೆರುತ್ತಾಳೆ,
ಕೊನೆಯ ಪುಟದಲ್ಲಿ ಸ್ವಲ್ಪ ಜಾಗ ಇದೆ.

ಹದಿನಾಲ್ಕು ದಿನ ಅಂದೆ, ಗಂಟಲು ಬಿಗಿದುಕೊಂಡು,
ಹದಿನಾಲ್ಕೇ, ಮಿಸ್ಟರ್ ಲರೋಂಡ್.