ಕಿವಿಗಲ್ಲು

ಹದಿನಾಲ್ಕು ಅರ್ಜಿ ಹಾಕಿದ್ದೆ.
ಪ್ಲಿಮತ್‌ನವರು ಬರೆದರು: ಈ ಸಲ ಪೈಪೋಟಿ ಜಾಸ್ತಿ.
ಓಬನ್‌ನವರು ಕೇಳಿದರು: ಮುಳುಗುವ ಪರವಾನಗಿ ಇದೆಯೇ,
ಸ್ವಂತ ಡ್ರೈಸೂಟ್ ಇದೆಯೇ?
ಇನ್ನೊಂದು ಕಡೆ ಕಾರು ಬೇಕಂತೆ,
ಇಳಿತ ಬೆಳಗಿನ ಜಾವ ನಾಲ್ಕಕ್ಕೆ, ಆಗ ಬಸ್ಸಿಲ್ಲ.
ಸಮುದ್ರವಾದರೂ ಎಸೆದದ್ದನ್ನು
ಎಂದಾದರೊಂದು ದಿನ ದಡಕ್ಕೆ ತಂದು ಹಾಕುತ್ತದೆ;
ಉಳಿದವರು ಅದನ್ನೂ ಮಾಡಲಿಲ್ಲ.

ಹದಿನೈದನೆಯದು ಲೋಸ್ಟಾಫ್ಟ್.
‘ಹನ್ನೆರಡು ವಾರ. ಮೀನಿನ ಕಿವಿಗಲ್ಲು ಓದುವ ಕೆಲಸ.
ತಾಳ್ಮೆ ಇರಬೇಕು.’
ಪ್ರಕಟಣೆಯಲ್ಲಿ ಇದ್ದದ್ದು ಅಷ್ಟೇ.
ಅನುಭವ ಎಂಬ ಖಾನೆಯಲ್ಲಿ ಬರೆದೆ:
ಚಿಕ್ಕವಳಿದ್ದಾಗ ಊಟದ ತಟ್ಟೆಯಲ್ಲೇ
ಕಲ್ಲೂರು ಮೀನಿನ ತಲೆ ಒಡೆದು
ಬಿಳಿಗಲ್ಲು ತೆಗೆದು, ತೊಳೆದು,
ಬೆಂಕಿಪೊಟ್ಟಣದಲ್ಲಿ ಕೂಡಿಟ್ಟಿದ್ದೆ,
ಇಪ್ಪತ್ತಾರು ಜೊತೆ.
ಅಳಿಸಿದೆ.
ಮತ್ತೆ ಬರೆದೆ. ಕಳಿಸಿದೆ.

ಸಂದರ್ಶನದಲ್ಲಿ ಮೊರೀನ್ ಥರ್ಟಲ್ ಕೇಳಿದ್ದು ಒಂದೇ:
ಆ ಪೊಟ್ಟಣ ಈಗ ಎಲ್ಲಿದೆ?

ಕಾಡ್ ಮೀನಿನ ಕಲ್ಲು ಅವರೆಕಾಳಿನಷ್ಟು.
ನಡುವೆ ಕತ್ತರಿಸಿ, ಕಪ್ಪು ಅರಗಿನಲ್ಲಿ ಕೂರಿಸಿ,
ಪಕ್ಕದಿಂದ ದೀಪ ಹಿಡಿದರೆ
ಬಳೆಯೊಳಗೆ ಬಳೆಯೊಳಗೆ ಬಳೆ.
ಬೇಸಗೆ ಅಗಲ, ಬಿಳಿ. ಚಳಿಗಾಲ ಕೂದಲೆಳೆ, ಕಪ್ಪು.
ಎರಡೂ ಕೂಡಿದರೆ ಒಂದು ವರ್ಷ.
‘ಸುಳ್ಳು ಬಳೆಗಳೂ ಇರುತ್ತವೆ ಕಣಮ್ಮ,’ ಅಂದರು ಮೊರೀನ್,
‘ಹಸಿದ ತಿಂಗಳು ಕೂಡ
ಚಳಿಗಾಲದ ವೇಷ ಹಾಕಿ ಬರುತ್ತದೆ.’

ಹುಟ್ಟಿದ ದಿನ ಹೇಗೆ ಗೊತ್ತಾಗುತ್ತದೆ?
‘ಎಲ್ಲ ಮೀನಿಗೂ ಜನವರಿ ಒಂದು. ಲೆಕ್ಕಕ್ಕೆ ಸುಲಭ.’
ನಾನು ನಕ್ಕುಬಿಟ್ಟೆ.
ನಮ್ಮಪ್ಪನಿಗೂ ಅವನ ಮೂವರು ಅಣ್ಣಂದಿರಿಗೂ
ಹೆಡ್‌ಮಾಸ್ತರರು ದಯಪಾಲಿಸಿದ್ದು ಜೂನ್ ಒಂದು.
ಬಲಗೈ ನೆತ್ತಿಯ ಮೇಲಿಂದ ಹಾಯ್ದು
ಎಡಗಿವಿ ಮುಟ್ಟಿತೋ, ವಯಸ್ಸು ಆರು;
ಮುಟ್ಟಲಿಲ್ಲವೋ, ಮುಂದಿನ ವರ್ಷ ಬಾ.
ನಮ್ಮಲ್ಲೂ ವಯಸ್ಸು ಇದ್ದದ್ದು ಕಿವಿಯಲ್ಲೇ.
ಮೂವತ್ತೊಂದು ವರ್ಷ ಕಲ್ಲು ಎಣಿಸಿದ ಮೊರೀನ್
ಕನ್ನಡಕ ತೆಗೆದಿಟ್ಟು, ಕೈ ಎತ್ತಿ,
ತಲೆ ಬಳಸಿ, ಕಿವಿ ಹಿಡಿದು
‘ಹಾಗಾದರೆ ನಾನು ಪಾಸು’ ಅಂದರು.

ಭತ್ಯೆ ತಿಂಗಳ ಮೂರನೇ ವಾರಕ್ಕೆ ತಳ ಕಾಣುತ್ತಿತ್ತು.
ಸಂಜೆ ಆರರಿಂದ ಆಂಡ್ರೂಲಾಳ ಚಿಪ್ಸ್ ಅಂಗಡಿ,
ಹಿಟ್ಟಿನಲ್ಲಿ ಅದ್ದು, ಎಣ್ಣೆಗೆ ಬಿಡು, ವಿನೆಗರ್ ಚಿಮುಕಿಸು.
ಅಲ್ಲಿಗೆ ಬರುವ ಕಾಡ್‌ಗೆ ತಲೆಯಿಲ್ಲ,
ತಲೆಯಿಲ್ಲದ್ದಕ್ಕೆ ವಯಸ್ಸಿಲ್ಲ.
ಐಸ್‌ಲ್ಯಾಂಡಿನದು, ಪೆಟ್ಟಿಗೆಯಲ್ಲಿ ಬಂದದ್ದು.
ಎದುರಿನ ಬಂದರಿನಲ್ಲಿ ಈಗ ದೋಣಿಗಳು
ಗಾಳಿಯಂತ್ರ ರಿಪೇರಿಗೆ ಹೋಗುತ್ತವೆ.
ರಾತ್ರಿ ಕೂದಲಲ್ಲಿ ಎಣ್ಣೆ,
ಬೆಳಿಗ್ಗೆ ಬೆರಳಲ್ಲಿ ಅರಗು;
ಮೀನು ಮಾತ್ರ ಅದೇ.

ಒಂಬತ್ತನೇ ವಾರ, ಕಲ್ಲು ಎರಡು ಸಾವಿರದ ಇನ್ನೂರ ಹದಿನೇಳು.
ನಾನು ಏಳು ಅಂದೆ. ಅವರು ಆರು ಅಂದರು.
ಮತ್ತೆ ನೋಡಿದೆವು. ನನಗೆ ಏಳೇ.
‘ತಿದ್ದಿಬಿಡಲೇ?’
‘ಯಾಕೆ? ಎರಡನೇ ಕಣ್ಣು ಇರುವುದು
ಮೊದಲನೆಯದಕ್ಕೆ ಹೂಂಗುಡಲಿಕ್ಕಲ್ಲ. ಬರೆ.’
ಬರೆದೆ. ಎರಡನೇ ಓದುಗರು: ಎನ್. ಮೆಂಡನ್. ಏಳು.
ಆ ಮೀನಿಗೆ ನಿಜಕ್ಕೂ ಎಷ್ಟಾಗಿತ್ತೋ,
ಅದು ತನ್ನ ಕೊನೆಯ ಚಳಿಗಾಲವನ್ನು
ಪೂರ್ತಿ ಮುಗಿಸಿತ್ತೋ ಇಲ್ಲವೋ.

ಕೊನೆಯ ಶುಕ್ರವಾರ ಮೊರೀನ್ ಕರೆದರು:
ಮುಂದಿನ ವರ್ಷದ ಪ್ರಕಟಣೆ ಬರೆಯುತ್ತಿದ್ದೇನೆ,
ಏನು ಸೇರಿಸಲಿ?
ಕಾರು ಬೇಡ ಅಂತ ಸೇರಿಸಿ, ಅಂದೆ,
ಬಸ್ಸು ಬಂದಾಗ ಬಂದರೆ ಸಾಕು ಅಂತ.
ಸೇರಿಸಿದರು.
ಭತ್ಯೆ ಎಂಬ ಸಾಲಿನಲ್ಲಿ ಅವರ ಬೆರಳು ನಿಂತಿತು.
ಕಿಟಕಿಯ ಸೂರಿನಲ್ಲಿ ಕಿಟ್ಟಿವೇಕ್ ಹಕ್ಕಿಗಳು
ಜಾಗಕ್ಕಾಗಿ ಜಗಳಾಡುತ್ತಿದ್ದವು.
‘ಮೇಲಿನವರನ್ನು ಕೇಳಬೇಕು,’ ಅಂದರು, ನನ್ನ ಕಡೆ ನೋಡದೆ.

ಹೊರಡುವಾಗ ಮೇಜಿನ ಖಾನೆಯೊಳಗೆ,
ಮುಂದೆ ಬರುವವರ ಕೈಗೆ ಸಿಗುವ ಹಾಗೆ,
ಆಂಡ್ರೂಲಾಳ ಅಂಗಡಿಯ ನಂಬರು ಬರೆದಿಟ್ಟೆ.