ಮೈಲುತುತ್ತದ ರೇಟು

ಸ್ಲೇಟಿನ ಮೇಲೆ ಬರೆದದ್ದೂ ನಾನೇ, ಅಳಿಸಿದ್ದೂ ನಾನೇ.
ಸೋಮವಾರ ಒಂದು ರೇಟು, ಗುರುವಾರ ಇನ್ನೊಂದು.
ಸಿದ್ದಾಪುರದ ಈ ಗೊಬ್ಬರದಂಗಡಿಯಲ್ಲಿ
ಒಂಬತ್ತು ವರ್ಷದಿಂದ ಲೆಕ್ಕ ಬರೆಯುವವಳಿಗೆ
ಬೈಗುಳ ಹೊಸದಲ್ಲ.
ಯೂರಿಯಾ ಏರಿದರೆ ದಿಲ್ಲಿಗೆ ಬೈಯುತ್ತಾರೆ,
ಡೀಸೆಲ್ ಏರಿದರೆ ಅರಬರಿಗೆ.
ಮೈಲುತುತ್ತಕ್ಕೆ ಯಾರಿಗೆ ಬೈಯಬೇಕೆಂದು ತಿಳಿಯದೆ
ನನಗೇ ಬೈದು ಹೋಗುತ್ತಾರೆ.

"ಜಾಂಬಿಯಾಕ್ಕೆ ಬೈಯಲಿ" ಎಂದರು ಮೊಣ್ಣಪ್ಪ.
ಹದಿನಾಲ್ಕು ವರ್ಷ ಅಲ್ಲಿನ ಗಣಿಯ ಲ್ಯಾಬಿನಲ್ಲಿ
ಅದಿರಿನ ಪುಡಿ ತೂಗಿದವರು.
ಈಗ ಅಮ್ಮತ್ತಿಯ ಹತ್ತಿರ ಆರೆಕರೆ ಕಾಫಿ, ಒಂದು ಮೊಣಕಾಲು ನೋವು.
ಹಾರ್ಲಿಕ್ಸ್ ಬಾಟಲಿಯೊಂದನ್ನು ತಂದು ಕೌಂಟರಿನ ಮೇಲಿಟ್ಟರು.
ಒಳಗೆ ಹಸಿರುಗಪ್ಪು ಹಿಟ್ಟು,
ರಾಗಿಹಿಟ್ಟಿನಷ್ಟು ನುಣುಪು, ಎತ್ತಿದರೆ ಕೈ ಜಗ್ಗುವ ಭಾರ.
"ನೂರರಲ್ಲಿ ಇಪ್ಪತ್ತೆಂಟು ತಾಮ್ರ."
ಮಿಕ್ಕದ್ದು?
"ಕಬ್ಬಿಣ, ಗಂಧಕ, ಮತ್ತೆ
ಯಾರ ಖಾತೆಗೂ ಬಾರದ್ದು."

ಅವರಿದ್ದಾಗಲೇ ಗಣಿ ಮೂರು ಕೈ ದಾಟಿತಂತೆ.
ಮೊದಲು ಸರಕಾರ, ಆಮೇಲೆ ಒಂದು ಸಮುದ್ರದಾಚೆಯವರು,
ಆಮೇಲೆ ಇನ್ನೊಂದು ಸಮುದ್ರದಾಚೆಯವರು.
ಪ್ರತಿ ಸಲವೂ ಗೇಟಿನ ಬೋರ್ಡಿಗೆ ಬಣ್ಣ,
ಹೂಡಿಕೆಯ ಮೊತ್ತ ಹೇಳುವ ಭಾಷಣ, ಕೇಕು.
ಕಾವಲುಗಾರ ಚಿಲೂಫ್ಯ ಮಾತ್ರ ಅವನೇ.
ಮೂರು ಬಣ್ಣದ ಅಂಗಿ ತೊಟ್ಟ,
ಒಳಗಿನ ಬನಿಯನ್ನು ಅದೇ, ಎಂದು ಅವನದೇ ತಮಾಷೆ.

ನನಗೆ ಪಾಲಿಬೆಟ್ಟ ನೆನಪಾಯಿತು.
ತೋಟದ ಬೋರ್ಡಿನಲ್ಲಿ ಮೊದಲು ದೊರೆಯ ಹೆಸರು,
ಮತ್ತೆ ಕಂಪನಿಯದು,
ಮತ್ತೆ ಆ ಕಂಪನಿಯನ್ನು ಕೊಂಡ ಕಂಪನಿಯದು.
ಲೈನ್ ಮನೆಗಳಿಗೆ ನಂಬರು ಸಾಕು.
ಬಾಯಿಬಿಟ್ಟು ಹೇಳಲಿಲ್ಲ.
ಮೊಣ್ಣಪ್ಪನವರ ಅಜ್ಜ ಅಲ್ಲಿ ರೈಟರಾಗಿದ್ದರು,
ನನ್ನ ಅಜ್ಜಿ ಅಲ್ಲಿ ಹಣ್ಣು ಕುಯ್ದವಳು.

ಈಗ ಅದಿರಿಗೇ ಬರ, ಎಂದರು.
ಕುಲುಮೆ ಹೆಚ್ಚು, ಪುಡಿ ಕಮ್ಮಿ.
ಕರಗಿಸಿಕೊಡಲು ಕೂಲಿ ಕೇಳುತ್ತಿದ್ದ ಕುಲುಮೆ
ಈಗ ತಾನೇ ಕೈಯಿಂದ ಕೊಟ್ಟು ಕರೆಯುತ್ತದಂತೆ.
ಕುಂಞಾಲಿ ಕಾಕ ಚೀಟಿ ಹರಿಯುವುದು ನಿಲ್ಲಿಸಿದರು:
"ಭತ್ತ ಕುಟ್ಟಿಸಿಕೊಂಡು ಹೋಗಿ ಎಂದು
ಮಿಲ್ಲಿನವನೇ ದುಡ್ಡು ಕೊಡುವುದೆ?"
"ಒಲೆ ಆರಿಸಿದರೆ, ಮತ್ತೆ ಹೊತ್ತಿಸುವ ಖರ್ಚು
ಅದಕ್ಕಿಂತ ದೊಡ್ಡದು, ಕಾಕ."
ಕಾಕ ಬಹಳ ಹೊತ್ತು ನಕ್ಕರು.
ಆಮೇಲೆ ಎದ್ದು ಹೋಗಿ
ಹಳೆ ರೇಟಿನ ಹನ್ನೊಂದು ಚೀಲಕ್ಕೆ ಬೀಗ ಹಾಕಿ ಬಂದರು.

ಭಾನುವಾರ ಬಿಲ್ಲು ಹಿಡಿದು ಅವರ ತೋಟಕ್ಕೆ ಹೋದೆ.
ಆಕಾಶ ಎರಡು ದಿನ ಬಿಡುವು ಕೊಟ್ಟಿತ್ತು,
ಮೆಣಸಿನ ಬಳ್ಳಿಗೆ ಔಷಧಿ ಹೊಡೆಯುವ ಆತುರ.
ಬೊಳಕ ಒಂದು ಡ್ರಮ್ಮಿನಲ್ಲಿ ನೀಲಿ ಕರಗಿಸಿದ್ದ,
ಇನ್ನೊಂದರಲ್ಲಿ ಸುಣ್ಣ.
ನೀಲಿಯನ್ನು ಸುಣ್ಣಕ್ಕೆ ಹೊಯ್ಯಬೇಕು, ಸುಣ್ಣವನ್ನು ನೀಲಿಗಲ್ಲ.
ಲ್ಯಾಬಿನ ಮೊಣ್ಣಪ್ಪನವರಿಗೂ ಇದನ್ನು ಅವನೇ ಕಲಿಸಿದ್ದು.
ಕದಡಿ, ಸೊಂಟದ ಕತ್ತಿ ತೆಗೆದು
ಅದ್ದಿ ಹಿಡಿದ. ಎಣಿಸಿದ. ಎತ್ತಿದ.

ಅಲಗಿನ ಮೇಲೆ ಕೆಂಪು.
ಈಗಷ್ಟೇ ಹುಣಸೆಹಣ್ಣು ಹಚ್ಚಿ ತೊಳೆದ ಚೆಂಬಿನ ಕೆಂಪು.
"ಸುಣ್ಣ ಸಾಲದು" ಅಂದ ಬೊಳಕ.

ಮೊಣ್ಣಪ್ಪ ಕನ್ನಡಕ ಏರಿಸಿ ಕತ್ತಿಗೆ ಬಗ್ಗಿದರು.
ಲ್ಯಾಬಿನಲ್ಲಿ ಬಗ್ಗುತ್ತಿದ್ದದ್ದೂ ಹೀಗೇ ಇರಬೇಕು.
ಎಷ್ಟೋ ಆಳದಲ್ಲಿ ಯಾರೋ ಒಡೆದದ್ದು,
ಯಾರೋ ಅರೆದು ನೊರೆಯಲ್ಲಿ ತೇಲಿಸಿ ಬಸಿದದ್ದು,
ಲಾರಿ, ಗಡಿ, ಮತ್ತೆ ಲಾರಿ, ದಾರ್ ಎಸ್ ಸಲಾಮಿನ ಹಡಗು,
ಕುಲುಮೆ, ಆಮ್ಲ, ಚೀಲ, ನನ್ನ ಸ್ಲೇಟು,
ಇಷ್ಟು ತೆಳ್ಳಗೆ ಬಂದು ಕೂತಿದೆ.
"ನಿಮ್ಮ ಗಣಿಯದೇ?" ಕೇಳಿದೆ.
ಅವರು ಸುಳ್ಳು ಹೇಳುವವರಲ್ಲ.
"ಇರಬಹುದು. ಸುಟ್ಟ ಮೋಟಾರಿನ ತಂತಿಯೂ ಇರಬಹುದು.
ಕರಗಿದ ಮೇಲೆ ಊರು ಉಳಿಯುವುದಿಲ್ಲ."

ಬೊಳಕ ಕತ್ತಿಯನ್ನು ಹುಲ್ಲಿಗೆ ಒರೆಸಿದ, ಹೋಗಲಿಲ್ಲ.
ಎರಡು ಹಿಡಿ ಸುಣ್ಣ ಹಾಕಿ
ಮತ್ತೊಂದು ಬದಿ ಅದ್ದಿದ: ಬರೀ ಕಬ್ಬಿಣ.
ಕ್ಯಾನು ಬೆನ್ನಿಗೇರಿಸಿ ಬಳ್ಳಿಗಳ ನಡುವೆ ನಡೆದ,
ಅವನ ಅಂಗಿಯ ಬೆನ್ನು ಎಷ್ಟೋ ವರ್ಷದಿಂದ ನೀಲಿ.

ಸೋಮವಾರ ಬೆಳಿಗ್ಗೆ ಫೋನು. ಹನ್ನೆರಡು ರೂಪಾಯಿ ಜಾಸ್ತಿ.
ಸ್ಲೇಟಿಗೆ ಒದ್ದೆ ಬಟ್ಟೆ ಎಳೆದೆ.
ಒಣಗಲಿ ಎಂದು, ಬರೆಯುವ ಮೊದಲು,
ಸ್ವಲ್ಪ ಹೊತ್ತು ಬಿಟ್ಟೆ.